ಹದಿನೆಂಟು ವರ್ಷ ನಾನು ಬಿಗಿದ ನಟ್ಟು

ಸತ್ತವರ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ. ಹಾಗೆಂದವರಿಗೆ ಮೆಕ್ಯಾನಿಕ್ ಗೆಳೆಯನೊಬ್ಬ ಇರಲಿಲ್ಲವೆಂದು ಕಾಣುತ್ತದೆ. ನನಗಿದ್ದ. ಅವನು ಹೋಗಿ ನಾಲ್ಕು ತಿಂಗಳಾಯಿತು. ಮೊದಲ ಮೂರು ತಿಂಗಳು ದುಃಖದಲ್ಲಿ ಕಳೆದವು. ನಾಲ್ಕನೆಯದು ಸಿಟ್ಟಿಗೆ ಮೀಸಲು.

ವಿಷಯ ನಮ್ಮ ಹಳೇ ಕಾರಿನ ಮುಂದಿನ ಚಕ್ರದ್ದು. ಚಕ್ರ ತಿರುಗುವುದು ಬೇರಿಂಗಿನ ಮೇಲೆ, ಬೇರಿಂಗನ್ನು ಹಿಡಿದಿಡುವುದು ನಡುವಿನ ದೊಡ್ಡ ನಟ್ಟು. ಅದು ಸಡಿಲವಾದರೆ ಚಕ್ರ ಕುಡಿದವನಂತೆ ತೂರಾಡುತ್ತದೆ. ಅತಿ ಬಿಗಿಯಾದರೆ ಬೇರಿಂಗ್ ಕಾದು ಸುಟ್ಟುಹೋಗುತ್ತದೆ. ವರ್ಷಕ್ಕೊಮ್ಮೆ ಗ್ರೀಸ್ ಬದಲಿಸಿ ನಟ್ಟನ್ನು ಹದಕ್ಕೆ ತರಬೇಕು. ಹದಿನೆಂಟು ವರ್ಷ ಈ ಮಹತ್ಕಾರ್ಯವನ್ನು ನೆರವೇರಿಸಿದವನು ನಾನು, ಗ್ರಂಥಾಲಯದ ನೌಕರ, ವಿದ್ಯೆಯೆಲ್ಲ ಪುಸ್ತಕದ್ದು.

ಗೆಳೆಯ, ನನ್ನ ಹೆಂಡತಿಯ ಬಾಯಲ್ಲಿ 'ಅಣ್ಣ', ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ನೋಡುತ್ತಿದ್ದ. ಅವನ ಪದ್ಧತಿಯೇ ಬೇರೆ: ಚಕ್ರ ತಿರುಗಿಸುತ್ತಾ ಬಿಗಿ ಮಾಡಬೇಕಂತೆ, ಆಮೇಲೆ ಪೂರ್ತಿ ಸಡಿಲಿಸಬೇಕಂತೆ, ಮತ್ತೆ ಬರಿ ಬೆರಳಲ್ಲಿ ಎಷ್ಟು ಬರುತ್ತದೋ ಅಷ್ಟೇ ಬಿಗಿಯಬೇಕಂತೆ. ಬಿಗಿದದ್ದನ್ನು ಸಡಿಲಿಸುವ ಈ ತತ್ತ್ವ ನನಗೆ ಒಗ್ಗಲಿಲ್ಲ. (ಸಡಿಲವೆಂಬುದು ನಟ್ಟಿನಲ್ಲಾಗಲಿ ನಾಲಿಗೆಯಲ್ಲಾಗಲಿ ದುರ್ಗುಣವೇ.) ನಾನು ಸ್ಪ್ಯಾನರಿನ ಮೇಲೆ ಮೈಭಾರವನ್ನೆಲ್ಲ ಹೇರುತ್ತಿದ್ದೆ. ಕಾರು ವರ್ಷವಿಡೀ ತಕರಾರಿಲ್ಲದೆ ಓಡುತ್ತಿತ್ತು. ಅವನು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ.

"ಪಂಡಿತ, ನಿನಗೆ ಬೇರೆ ಏನು ಬರುತ್ತೋ ಇಲ್ವೋ, ಈ ನಟ್ಟಿಗೆ ಮಾತ್ರ ನಿನ್ನ ಕೈಯೇ ಸರಿ."

ಅವನು ಯಾರನ್ನೂ ಹೊಗಳಿದವನಲ್ಲ. ತನ್ನ ಮದುವೆಯನ್ನೇ 'ಪರವಾಗಿಲ್ಲ' ಎಂದಷ್ಟೇ ಬಣ್ಣಿಸಿದವನು. ಅಂಥವನ ಬಾಯಿಂದ ಬಂದ ಆ ಒಂದು ಮಾತು ಅವನು ನನಗೆ ಬಿಟ್ಟುಹೋದ ಆಸ್ತಿ.

ಈ ವರ್ಷ ಹೆಂಡತಿ ಹೊಸ ಮೆಕ್ಯಾನಿಕ್‌ನನ್ನು ಕರೆಸೋಣ ಎಂದಳು. ನನಗೆ ಕೆಂಡ ತುಳಿದಂತಾಯಿತು. ಗೆಳೆಯನೇ ಒಪ್ಪಿದ ಕೈಯಿರುವಾಗ ಬೇರೆಯವನೇಕೆ? ಬಿಗಿದೆ. ಅವನಿಲ್ಲದ ಬಕೆಟ್ಟಿನ ಕಡೆ ನೋಡಬಾರದೆಂದು ಇನ್ನೂ ಒಂದು ಸುತ್ತು ಹೆಚ್ಚಿಗೇ ಬಿಗಿದೆ. ಊಟ ಮಾಡಿ ಸ್ವಲ್ಪ ಮಲಗಿ ಅಂತ ಹೆಂಡತಿ ಮೂರು ಸಲ ಹೇಳಿದಳು. ನನಗೆ ನಿದ್ದೆ ಬೇಕಿರಲಿಲ್ಲ. ಊಟವಾದದ್ದೇ ತಡ, ಅವಳ ಅಕ್ಕನ ಊರಿಗೆ ಹೊರಟೆವು.

ಅರ್ಧ ದಾರಿಯಲ್ಲಿ ಚಕ್ರದಿಂದ ಗೊರಗೊರ ಸದ್ದು, ಆಮೇಲೆ ಸುಟ್ಟ ಗ್ರೀಸಿನ ವಾಸನೆ, ಕೊನೆಗೆ ಹೊಗೆ. ಮರದಡಿ ನಿಲ್ಲಿಸಿ ನಾನು ಬೇರಿಂಗ್ ಕಂಪನಿಯವರನ್ನು, ಗ್ರೀಸ್ ಮಾರಿದವನನ್ನು, ಈಗಿನ ಕಾಲವನ್ನು ಸಾಲಾಗಿ ಬೈದೆ. ಹೆಂಡತಿ ಕೇಳುವಷ್ಟು ಕೇಳಿದಳು.

"ರೀ, ಸಾಕು. ನಟ್ಟು ಬಿಗಿಯಾಗಿದೆ. ಪ್ರತಿ ವರ್ಷಾನೂ ಬಿಗಿಯಾಗೇ ಇರ್ತಿತ್ತು."

"ಪ್ರತಿ ವರ್ಷ ಇರ್ತಿದ್ರೆ ಗಾಡಿ ಹೇಗೆ ಓಡ್ತಿತ್ತು?"

"ನೀವು ಊಟ ಮಾಡಿ ಮಲಗ್ತಿದ್ರಲ್ಲ. ಆಗ ಅಣ್ಣ ಬಂದು ಬಿಚ್ಚಿ, ಸರಿ ಮಾಡಿ ಹೋಗ್ತಿದ್ರು. ಇವತ್ತು ನೀವು ಮಲಗಿದ್ರೆ ನಾನೇ ಮಾಡ್ತಿದ್ದೆ."

ಹದಿನೆಂಟು ಮಧ್ಯಾಹ್ನ. ಮಂಡಿನೋವಿನ ಮನುಷ್ಯ, ನೆಲದ ಮೇಲೆ ಕೂತು, ಸದ್ದಾಗದ ಹಾಗೆ. ಒಳಗೆ ನಾನು ಗೊರಕೆ ಹೊಡೆಯುತ್ತಾ ಜ್ಞಾನಿಯಂತೆ ಮಲಗಿದ್ದೆ. ನನಗೆ ಹೇಳಬೇಡ ಎಂದು ಅವಳಿಂದ ಮಾತು ತೆಗೆದುಕೊಂಡಿದ್ದನಂತೆ. ಪಂಡಿತನಿಗೆ ಇದೊಂದು ಖುಷಿ, ಇರಲಿ ಬಿಡು ತಂಗಿ, ಅಂದಿದ್ದನಂತೆ.

ಇದಕ್ಕಿಂತ ದೊಡ್ಡ ಮೋಸ ಉಂಟೇ? ಬದುಕಿದ್ದರೆ ಅವನ ಗ್ಯಾರೇಜಿನ ಮುಂದೆ ನಿಂತು ಜಗಳವಾಡುತ್ತಿದ್ದೆ, ಒಂದು ವಾರ ಮಾತು ಬಿಡುತ್ತಿದ್ದೆ. ಅದಕ್ಕೂ ಅವಕಾಶ ಕೊಡದೆ ಹೋದ.

ಚಕ್ರ ತಣ್ಣಗಾದ ಮೇಲೆ ಜಾಕ್ ಹಾಕಿ ಅದನ್ನು ನೆಲದಿಂದ ಎತ್ತಿದೆವು, ಹೆಂಡತಿ ಸೆರಗು ಸಿಕ್ಕಿಸಿ ಸ್ಪ್ಯಾನರ್ ಹಿಡಿದಳು. ಪುಣ್ಯಕ್ಕೆ ಬೇರಿಂಗ್ ಉಳಿದಿತ್ತು. "ನೀವು ಚಕ್ರ ತಿರುಗಿಸ್ತಾ ಇರಿ," ಎಂದಳು, "ಅಣ್ಣ ಮಾಡುವಾಗ ನಂದು ಅದೇ ಕೆಲಸ." ನಾನು ತಿರುಗಿಸಿದೆ. ಅವಳು ಬಿಗಿದಳು, ಸಡಿಲಿಸಿದಳು, ಎರಡು ಬೆರಳಲ್ಲಿ ಮತ್ತೆ ಹಿಡಿದಳು. ನಟ್ಟು ಕದಲದಂತೆ ಹಾಕುವ ಪಿನ್ನು, ಅದೂ ಹೊಸದು, ಅವಳ ಕೈಚೀಲದಿಂದಲೇ ಬಂತು. ಹತ್ತು ನಿಮಿಷ. ಚಕ್ರ ಬೆಣ್ಣೆಯಂತೆ ತಿರುಗಿತು.

ಕಾರು ಹೊರಟ ಮೇಲೆ, ಅವಮಾನದ ಲೆಕ್ಕ ಪೂರ್ತಿಯಾಗಲಿ ಎಂದು, ಅವನು ಇನ್ನೇನೇನು ಹೀಗೆ ಸರಿ ಮಾಡಿದ್ದ ಎಂದು ಕೇಳಿದೆ. ಹೆಂಡತಿ ಶುರು ಮಾಡಿದಳು. ನಾನು ರಿಪೇರಿ ಮಾಡಿದ ಅಡುಗೆಮನೆ ನಲ್ಲಿ. ನಾನೇ ಕೂರಿಸಿದ ಕಿಟಕಿ ಕೀಲು. ಹೊಲಿಗೆ ಯಂತ್ರ. ಮಗಳ ಸೈಕಲ್ಲು, ಎರಡು ಸಲ. ಗೋಡೆ ಗಡಿಯಾರ.

"ಯಾಕಿಷ್ಟು ನಿಧಾನ ಓಡಿಸ್ತಿದ್ದೀರಿ? ಚಕ್ರ ಈಗ ಸರಿಯಾಗಿದೆಯಲ್ಲ," ಎಂದಳು.

"ಗೊತ್ತು," ಎಂದೆ ಸಿಟ್ಟಿನಿಂದಲೇ. "ಗಡಿಯಾರ ಆಯ್ತು. ಆಮೇಲೆ?"