ನನ್ನ ಕಣ್ಣಿನ ಪರ್ಸೆಂಟು ಮತ್ತು ಶುಕ್ರವಾರದ ಖಾರ

ನನ್ನ ಕಣ್ಣುಗಳ ಬಗ್ಗೆ ಈ ಲೋಕದಲ್ಲಿ ಮೂರು ಅಭಿಪ್ರಾಯಗಳಿವೆ. ಅವು ಶೇಕಡಾ ಹದಿನೈದರಷ್ಟು ಕೆಟ್ಟಿವೆ ಎಂಬುದು ಸರ್ಕಾರದ ಅಭಿಪ್ರಾಯ. ಅರ್ಧಕ್ಕರ್ಧ ಕೆಟ್ಟಿವೆ ಎಂಬುದು ನನ್ನದು. ಅವಕ್ಕೆ ಏನೂ ಆಗಿಲ್ಲ, ಇದೆಲ್ಲ ಜೋಳ ಹಸನು ಮಾಡುವ ಕೆಲಸದಿಂದ ತಪ್ಪಿಸಿಕೊಳ್ಳಲು ಹೂಡಿದ ಆಟ ಎಂಬುದು ನನ್ನ ಹೆಂಡತಿ ಕಸ್ತೂರಿಯದು. ಸರ್ಕಾರದ ವಿರುದ್ಧ ಮೇಲ್ಮನವಿ ಸಲ್ಲಿಸಬಹುದು. ಕಸ್ತೂರಿಯ ವಿರುದ್ಧ ಎಲ್ಲಿ ಸಲ್ಲಿಸಬೇಕೆಂದು ಇಳಕಲ್ಲಿನ ಯಾವ ವಕೀಲನೂ ಇದುವರೆಗೆ ಹೇಳಿಲ್ಲ.

ನಾನು ಸೈನ್ಯದ ನಿವೃತ್ತ ಹವಾಲ್ದಾರ ಯಮನೂರಪ್ಪ. ಒಂಬತ್ತು ವರ್ಷಗಳ ಹಿಂದೆ, ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದಾಗ, ರಾಜಸ್ಥಾನದ ಮರಳಿನಲ್ಲಿ ಅಭ್ಯಾಸದ ಫೈರಿಂಗ್ ನಡೆದಿತ್ತು. ಹತ್ತಿರದಲ್ಲೇ ಏನೋ ಸಿಡಿದು ನನ್ನ ಎರಡೂ ಕಣ್ಣಿಗೆ ಮರಳು, ಕಲ್ಲಿನ ಚೂರು ಎಲ್ಲ ಹೊಕ್ಕವು. ಎಡಗಣ್ಣಿನಲ್ಲಿ ಹೂ ಬಿತ್ತು. ಬಲಗಣ್ಣಿಗೆ ಮಂಜು ಕವಿಯಿತು. ಕಣ್ಣು ಹಾಳಾದುದಕ್ಕೆ ನಮ್ಮ ಜನ ಹೂ ಬಿತ್ತು ಅನ್ನುತ್ತಾರೆ, ಎಂಥ ಚೆಂದದ ಮಾತು ನೋಡಿ!

ಸುಳ್ಳು ಯಾಕೆ ಹೇಳಲಿ, ಆ ಹೂವಿನ ಜೊತೆ ಬಾಳುವುದು ಅಷ್ಟೇನೂ ಕೆಟ್ಟದ್ದಲ್ಲ. ಲೋಕಕ್ಕೆಲ್ಲ ಯಾರೋ ಒಂದು ಲೋಟ ಹಾಲು ಬೆರೆಸಿದ ಹಾಗಿರುತ್ತದೆ, ಬಣ್ಣಗಳೆಲ್ಲ ಅದರಲ್ಲಿ ಕರಗಿ. ಸಂಜೆ ಬೀದಿದೀಪ ಹತ್ತಿದರೆ ಒಂದೊಂದೂ ಸೇವಂತಿಗೆಯಾಗಿ ಅರಳುತ್ತದೆ. ಹುಣ್ಣಿಮೆಗೆ ನನಗೆ ಮೂರು ಚಂದ್ರ. ಬಾದಾಮಿಗೆ ಹೋದರೆ ಗುಡ್ಡ ಗುಡ್ಡದಂತಿರದೆ, ಯಾರೋ ಒಣಹಾಕಿ ಮರೆತ ಸೀರೆಯಂತೆ ತೂಗುತ್ತಿರುತ್ತದೆ. ಎಲ್ಲಕ್ಕಿಂತ ದೊಡ್ಡ ಲಾಭವೆಂದರೆ ನನ್ನ ಲೋಕದಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಆಧಾರ್ ಕಾರ್ಡಿನ ಪ್ರಕಾರ ಕಸ್ತೂರಿಗೆ ನಲವತ್ತೊಂಬತ್ತು. ನನ್ನ ಕಣ್ಣಿನ ಪ್ರಕಾರ ಅವಳಿನ್ನೂ ಇಪ್ಪತ್ತು ದಾಟಿಲ್ಲ.

ಆದರೆ ಕಸ್ತೂರಿ ನಂಬಬೇಕಲ್ಲ! ಅವಳ ಬಳಿ ಸಾಕ್ಷ್ಯಗಳಿದ್ದವು. ಮನೆಯಲ್ಲಿ ನಾನು ಎಲ್ಲೂ ಎಡವುವುದಿಲ್ಲ. (ಹಾಸಿಗೆಯಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ, ಮಗ್ಗದ ಹತ್ತಿರ ಎಡಕ್ಕೆ ತಿರುವು. ಎಣಿಸಿ ನಡೆಯುವುದು ಫೌಜಿನವನಿಗೆ ಹೊಸದಲ್ಲ.) ಇನ್ನು ಎರಡನೆಯ ಸಾಕ್ಷ್ಯ ಸೀರೆ. ಅವಳು ನೇಕಾರರ ಮನೆಯ ಮಗಳು, ಈಗಲೂ ಮಗ್ಗದ ಮೇಲೆ ಕೂರುವವಳು. ಹೆಂಡತಿ ಉಟ್ಟ ಸೀರೆಯನ್ನು ಗಮನಿಸದ ಗಂಡಸು ಅವಳ ಲೆಕ್ಕದಲ್ಲಿ ಮನುಷ್ಯನೇ ಅಲ್ಲ. ಹಾಗಾಗಿ ದಿನವೂ ಬೆಳಿಗ್ಗೆ ಚಹಾ ಕುಡಿಯುತ್ತ ನಾನು ಒಂದು ಹೊಗಳಿಕೆ ಒಪ್ಪಿಸುತ್ತಿದ್ದೆ. ಅವಳಿಗೆ ದಿನಕ್ಕೊಂದು ಸೀರೆಯ ಪಾಳಿ ಇತ್ತು: ಸೋಮವಾರ ಬೂದು, ಮಂಗಳವಾರ ಗಿಳಿಹಸಿರು, ಹೀಗೆ. ಶುಕ್ರವಾರ ಮಾತ್ರ ದಾಳಿಂಬೆ ಬಣ್ಣದ್ದು, ಅವಳು ಮೊಟ್ಟಮೊದಲು ನೇಯ್ದ ಸೀರೆ. ಕಣ್ಣು ಚೆನ್ನಾಗಿದ್ದಾಗಲೇ ನಾನು ಆ ಪಾಳಿಯನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಉಳಿದ ದಿನ ನನ್ನ ಹೊಗಳಿಕೆಗೆ ಅವಳು ಒಮ್ಮೊಮ್ಮೆ ನಗುತ್ತಿದ್ದಳು, ಒಮ್ಮೊಮ್ಮೆ “ಸಾಕ್ರಿ” ಅನ್ನುತ್ತಿದ್ದಳು. ಈಚೀಚೆಗೆ ಶುಕ್ರವಾರ ಏನೂ ಅನ್ನುತ್ತಿರಲಿಲ್ಲ. ಆ ಮಧ್ಯಾಹ್ನದ ಬದನೆಕಾಯಿ ಎಣ್ಣಿಗಾಯಿ ಮಾತ್ರ ಕಿವಿಯಲ್ಲಿ ಹೊಗೆ ಬರುವಷ್ಟು ಖಾರವಾಗಿರುತ್ತಿತ್ತು. ಬನಶಂಕರಿಗೆ ಏನೋ ಹರಕೆ ಇರಬೇಕೆಂದು ನಾನು ಭಕ್ತಿಯಿಂದ ನುಂಗುತ್ತಿದ್ದೆ.

“ಕಣ್ಣು ಕಾಣಂಗಿಲ್ಲ ಅಂತೀರಿ, ಸೀರಿ ಬಣ್ಣ ಹೆಂಗ ಕಾಣ್ತೈತ್ರಿ?” ಎಂದು ಅವಳು ಅಡ್ಡಸವಾಲು ಹಾಕುತ್ತಿದ್ದಳು.

“ಬಣ್ಣ ಕಾಣ್ತೈತಿ. ಜ್ವಾಳದಾಗಿನ ಕಲ್ಲು ಕಾಣಂಗಿಲ್ಲ.”

“ಸೀರಿ ಕಂಡು ಕಲ್ಲು ಕಾಣದಂಥ ಕಣ್ಣು ಯಾವ ದವಾಖಾನ್ಯಾಗ ಹಾಕಿಸಿಕೊಂಡು ಬಂದೀರಿ? ಸರ್ಕಾರ ಸೈತ ಹದಿನೈದ ಅಂದೈತಿ. ಅದೂ ಪಾಪ ಮಾರಿ ನೋಡಿ ಕೊಟ್ಟಿರಬೇಕು.”

ಈ ಹದಿನೈದರ ಹಿಂದೆ ಒಂದು ಕಥೆಯಿದೆ. ಬಾದಾಮಿಯ ಅರ್ಷದ ನನ್ನ ಜೊತೆ ಫೌಜಿನಲ್ಲಿದ್ದವನು, ದವಾಖಾನೆಯಲ್ಲಿ ಕಣ್ಣು ಪರೀಕ್ಷೆಯ ಕೋಣೆ ನೋಡಿಕೊಳ್ಳುತ್ತಿದ್ದ. (ಈಗ ಪಟ್ಟದಕಲ್ಲಿಗೆ ಹೋಗುವವರಿಗೆ ಆಟೊ ಓಡಿಸುತ್ತಾನೆ.) ಕಣ್ಣಿನ ಪರೀಕ್ಷೆಯಲ್ಲಿ ನಾನು ನಪಾಸಾದರೆ ಉಳಿದ ಎರಡು ವರ್ಷ ಉಗ್ರಾಣದಲ್ಲಿ ಕಂಬಳಿ ಎಣಿಸುತ್ತ ಕೂರಬೇಕಾಗಿತ್ತು. ಮರ್ಯಾದೆಯ ಪ್ರಶ್ನೆ! ಅರ್ಷದ ಗೋಡೆಯ ಮೇಲಿನ ಅಕ್ಷರಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ನನಗೆ ಬಾಯಿಪಾಠ ಮಾಡಿಸಿದ. ಪ್ರತಿ ಪರೀಕ್ಷೆಯಲ್ಲೂ ನಾನು ಅದನ್ನು ಗಣಗಣ ಒಪ್ಪಿಸಿದೆ. ನಿವೃತ್ತಿಯ ದಿನದ ಪರೀಕ್ಷೆಯಲ್ಲಿ ಒಪ್ಪಿಸುವ ಅಗತ್ಯವೇ ಇರಲಿಲ್ಲ, ಆದರೂ ರೂಢಿಯ ಬಲದಿಂದ ಅಲ್ಲೂ ಒಪ್ಪಿಸಿಬಿಟ್ಟೆ. ಕಣ್ಣಿನ ಹೂವನ್ನು ನೋಡಿ ಡಾಕ್ಟರು ಹದಿನೈದು ಬರೆದರು. ಇಪ್ಪತ್ತು ಮುಟ್ಟಿದರೆ ಮಾತ್ರ ಅಂಗವೈಕಲ್ಯದ ಪಿಂಚಣಿ.

ಈಚೆಗೆ ಮಂಜು ಹೆಚ್ಚಾದಾಗ ಮೇಲ್ಮನವಿ ಬರೆದುಕೊಟ್ಟವನೂ ಅರ್ಷದನೇ. ಬೆಳಗಾವಿಯಲ್ಲಿ ವೈದ್ಯರ ಬೋರ್ಡಿನ ಮುಂದೆ ಹಾಜರಾಗಬೇಕೆಂದು ಕಾಗದ ಬಂತು. ಹಾಜರಾಗಬೇಕಾದ ದಿನ ಶುಕ್ರವಾರ.

“ಲೇ ಯಮನೂರ,” ಎಂದು ಅರ್ಷದ ಫೋನಿನಲ್ಲಿ ಎಚ್ಚರಿಸಿದ, “ಆವಾಗ ಕಲಿಸಿದಾವನೂ ನಾನ, ಈಗ ಮರಿ ಅಂತ ಹೇಳಾವನೂ ನಾನ. ಕಂಡಷ್ಟ ಹೇಳು. ಕಾಣಲಿಲ್ಲಂದ್ರ ಕಾಣಂಗಿಲ್ಲ ಅನ್ನು. ತಿಳೀತಿಲ್ಲೋ?”

ತಿಳಿಯಿತು. ಆದರೆ ಬಾಯಿಪಾಠವನ್ನು ಮರೆಯುವುದು ಹೇಗೆ? ಹಳ್ಳಿಯ ಸಾಲಿಯಲ್ಲಿ ಕಲಿತ ಹದಿನೇಳರ ಮಗ್ಗಿಯನ್ನು ಮಾತ್ರ ಮರೆತ ಅನುಭವ ನನಗಿತ್ತು, ಅದೂ ಮಾಸ್ತರು ಹೊಡೆದುದರಿಂದ.

ಆ ವಾರವೆಲ್ಲ ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕನಸು ಕಂಡೆ. ಒಳಗೆ ಮಗ್ಗದ ಸದ್ದು ಲಾಳಿಯ ಜೊತೆ ಹೋಗಿ ಬರುತ್ತಿತ್ತು, ಬಿಸಿಲು ಹಾಲಿನಂತೆ ಹರಡಿತ್ತು. ಕನಸಿನಲ್ಲಿ ಬೋರ್ಡಿನ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಮಗ್ಗದ ಮೇಲಿನ ಗೋಡೆಗೆ ತೂಗುಹಾಕಿದ್ದೆ. ಕಸ್ತೂರಿ ಅದನ್ನು ಓದುತ್ತಾಳೆ. ಅವಳ ಕೈಯಿಂದ ಲಾಳಿ ಜಾರುತ್ತದೆ. “ಅಯ್ಯ, ಖರೇನ ಕಾಣತಿರಲಿಲ್ಲೇನ್ರಿ!” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಜೋಳದ ಮೊರವನ್ನು ನನ್ನ ಮುಂದಿನಿಂದ ಕಾಯಂ ಎತ್ತಿಕೊಂಡು ಹೋಗುತ್ತಾಳೆ. ನಿಜ ಹೇಳುತ್ತೇನೆ, ಪಿಂಚಣಿ ಆಮೇಲಿನ ಮಾತು. ನನಗೆ ಬೇಕಾಗಿದ್ದುದು ಅವಳು ಒಂದು ಸಲ ನಂಬುವುದು. ಮನೆಯವರೇ ನಂಬದ ಕುರುಡು ಬಹಳ ಒಂಟಿ.

ಬೆಳಗಾವಿಗೆ ಕಸ್ತೂರಿಯೂ ಬಂದಳು. “ನೀವು ಏನೇನ ನಾಟಕ ಮಾಡ್ತೀರಿ, ನಾನೂ ನೋಡಬೇಕು” ಎಂಬುದು ಅವಳು ಕೊಟ್ಟ ಕಾರಣ. ದಾರಿ ದಾಟುವಾಗ ನನ್ನ ತೋಳು ಹಿಡಿದುಕೊಂಡಳು. ಅದಕ್ಕೆ ಕಾರಣ ಕೊಡಲಿಲ್ಲ.

ಕಣ್ಣಿನ ಡಾಕ್ಟರು ಮೇಜರ್ ರೂಬಿ ಎಂಬ ಹೆಣ್ಣುಮಗಳು, ದನಿ ಬಹಳ ಮೃದು. ಕೋಣೆಯಲ್ಲಿ ಕತ್ತಲೆಯಿತ್ತು. ಕಸ್ತೂರಿಯನ್ನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸಿದರು. ನನ್ನ ಬಲಗಣ್ಣು ಮುಚ್ಚಿದರು. ನಾನು ಮನಸ್ಸಿನಲ್ಲಿ “ಕಾಣಂಗಿಲ್ಲ, ಕಾಣಂಗಿಲ್ಲ” ಎಂದು ಜಪಿಸುತ್ತಿದ್ದೆ. ಕತ್ತಲೆಯಲ್ಲಿ ಬಿಳಿಯದೇನೋ ತೇಲುತ್ತಿತ್ತು, ಕೆರೆಯ ಮೇಲೆ ಬೆಳಗಿನ ಮಂಜು ತೇಲಿದ ಹಾಗೆ. ಹಾಯೆನಿಸಿತ್ತು.

“ಪಢೋ, ಹವಾಲ್ದಾರ್!” ಎಂದರು ಮೇಜರ್.

ಅಷ್ಟೇ! ಇಪ್ಪತ್ತಾರು ವರ್ಷದ ನೌಕರಿ ನನ್ನ ಬೆನ್ನುಹುರಿಯಲ್ಲಿ ಎದ್ದು ನಿಂತಿತು. ನಾನೂ ಎದ್ದು ನಿಂತೆ. ಎದೆ ಮುಂದೆ, ಹಿಮ್ಮಡಿ ಜೋಡಿ. “ಇ! ಎಫ್, ಪಿ! ಟಿ, ಓ, ಝಡ್! ಎಲ್, ಪಿ, ಇ, ಡಿ!” ಎಂದು ಶುರುವಾದವನು ಸಾಲಿನಿಂದ ಸಾಲಿಗೆ ಇಳಿಯುತ್ತ, ಇರುವೆಗಿಂತ ಸಣ್ಣಗಿರುವ ಆ ಕೊನೆಯ ಸಾಲನ್ನೂ ಬಿಡದೆ, “ಡಿ, ಇ, ಎಫ್, ಪಿ, ಓ, ಟಿ, ಇ, ಸಿ! ಜೈ ಹಿಂದ್!” ಎಂದು ಮುಗಿಸಿದೆ.

ಮುಗಿಸಿದ ಮೇಲೆ ಏನು ಮಾಡಿಬಿಟ್ಟೆನೆಂದು ಹೊಳೆಯಿತು. ಇಪ್ಪತ್ತು ಹೋಯಿತು, ಹದಿನೈದೂ ಹೋಯಿತು. ಬಾಗಿಲ ಬಳಿಯಿಂದ ಕಸ್ತೂರಿ ಸೆರಗು ಬಾಯಿಗೆ ಒತ್ತಿಕೊಂಡು ನಗುವ ಸದ್ದು ಕೇಳಿಸಿತು. ಅವಳು ಕೇಸು ಗೆದ್ದಿದ್ದಳು.

ಮೇಜರ್ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. ಆಮೇಲೆ ಹಿಂದಿಯಲ್ಲಿ, ಅಷ್ಟೇ ಮೃದುವಾಗಿ ಹೇಳಿದರು: “ಹವಾಲ್ದಾರ್ ಸಾಹೇಬ್, ಓದಿ ಎಂದೆ ನಿಜ, ಆದರೆ ನಾನಿನ್ನೂ ಪರದೆಯ ಸ್ವಿಚ್ ಹಾಕಿಲ್ಲ. ಪರದೆ ಈ ಕಡೆ ಇದೆ. ನೀವು ಓದಿದ್ದು ನನ್ನ ಬೀರುವನ್ನು.”

ಕಸ್ತೂರಿಯ ನಗು ಅಲ್ಲಿಗೇ ನಿಂತಿತು. ಮಗ್ಗದಲ್ಲಿ ಎಳೆ ಕಡಿದಾಗ ಅವಳು ಹಾಗೆಯೇ ನಿಲ್ಲುತ್ತಾಳೆ.

ನಾನು ಎಲ್ಲ ಒಪ್ಪಿಕೊಂಡೆ: ಅರ್ಷದನ ಪಾಠ, ಕಂಬಳಿಯ ಭಯ, ನಿವೃತ್ತಿಯ ದಿನದ ಪೆದ್ದುತನ. ಮೇಜರ್ ಗದರಲಿಲ್ಲ. ತಮ್ಮ ಯಂತ್ರಗಳ ಮುಂದೆ ಬಾಯಿಪಾಠ ನಡೆಯುವುದಿಲ್ಲ ಎಂದು ನಕ್ಕು, ಕಣ್ಣಿಗೆ ಔಷಧ ಹನಿಸಿ, ಬೆಳಕು ಬಿಟ್ಟು, ಒಂದು ತಾಸು ನೋಡಿದರು. ಕೊನೆಗೆ ಕಸ್ತೂರಿಯ ಕಡೆ ತಿರುಗಿ, “ಇವರು ಹೇಳುವುದಕ್ಕಿಂತ ಇವರ ಕಣ್ಣು ಬಹಳ ಕೆಟ್ಟಿದೆ, ತಾಯಿ” ಎಂದರು. ಜಬಲಪುರದ ಕ್ವಾರ್ಟರ್ಸಿನಲ್ಲಿ ಎರಡು ವರ್ಷ ಇದ್ದವಳಿಗೆ ಅಷ್ಟು ಹಿಂದಿ ಸಾಕಾಗಿತ್ತು.

ನಾನು ಗೆದ್ದೆ! ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಮಹಾರಾಜನ ಹಾಗೆ ಕುಳಿತೆ. ಹನಿಸಿದ ಔಷಧದಿಂದ ಲೋಕ ಇನ್ನಷ್ಟು ಚೆಂದವಾಗಿತ್ತು, ಹೊಲ, ಗಿಡ, ಎದುರಿನ ಲಾರಿ ಎಲ್ಲಕ್ಕೂ ಬೆಳಕಿನ ಜರಿಯಂಚು. ಕಸ್ತೂರಿ ಮಾತ್ರ ಬಳೆ ಸದ್ದಾಗುವಂತೆ ಸೆರಗಿನ ತುದಿ ತಿರುವುತ್ತ ಕೂತಿದ್ದಳು. ಪಶ್ಚಾತ್ತಾಪ ಪಡುತ್ತಿದ್ದಾಳೆ, ಪಡಲಿ ಎಂದುಕೊಂಡೆ.

ಕಲಾದಗಿಯಲ್ಲಿ ಬಸ್ಸು ನಿಂತಿತು. ಅವಳು ಕಿಟಕಿಯಿಂದ ಚಿಕ್ಕು ಹಣ್ಣು ಕೊಂಡಳು, ಒಂದನ್ನು ಬಿಡಿಸಿ ನನ್ನ ಕೈಗಿಟ್ಟಳು, ಆಮೇಲೆ ಕೇಳಿದಳು.

“ಇವತ್ತ ನಾ ಯಾವ ಸೀರಿ ಉಟ್ಟೇನ್ರಿ?”

ಗೆದ್ದ ಹುರುಪಿನಲ್ಲಿದ್ದ ನಾನು ವಾರ ನೆನೆದು, “ದಾಳಿಂಬಿ ಬಣ್ಣದ್ದು! ಇಪ್ಪತ್ತೆಂಟು ವರ್ಷ ಆದ್ರೂ ಆ ಸೀರಿ ನಿನಗ ಒಪ್ಪಿದಂಗ ಯಾವುದೂ ಒಪ್ಪಂಗಿಲ್ಲ” ಎಂದೆ.

“ಆ ಸೀರಿ ದಾನೇಶ್ವರಿ ಗಂಡನ ಮನಿಗೆ ಹೋಗುವಾಗ ಆಕಿ ಟ್ರಂಕಿನ್ಯಾಗ ಇಟ್ಟು ಕಳಿಸೇನಿ. ಎರಡ ವರ್ಷ ಆತು. ಈಗ ಹುನಗುಂದದಾಗ ಐತಿ.”

ಮಗಳನ್ನು ಕಳಿಸಿಕೊಟ್ಟು ಎರಡು ವರ್ಷವಾಗಿದ್ದುದು ನಿಜ. ಎರಡು ವರ್ಷಕ್ಕೆ ಶುಕ್ರವಾರ ಎಷ್ಟು? ನೂರ ನಾಲ್ಕು. ನೂರ ನಾಲ್ಕು ಸಲ ನಾನು ಹುನಗುಂದದಲ್ಲಿದ್ದ ಸೀರೆಯನ್ನು ಇಳಕಲ್ಲಿನಲ್ಲಿ ಹೊಗಳಿದ್ದೆ.

“ಮತ್ತ ನೀ ಯಾಕ ಹೇಳಲಿಲ್ಲ?”

“ನಿಮ್ಮನ್ನ ಕೇಳದ ಮಗಳಿಗೆ ಕೊಟ್ಟೆ ಅಂತ ವಾರಕ್ಕೊಮ್ಮೆ ಕುಟುಕತೀರಿ ಅಂದ್ಕೊಂಡಿದ್ದೆ. ಮೊದಲನೇ ಸೀರಿ, ನಿಮಗ ಭಾಳ ಇಷ್ಟ ಇತ್ತು. ಬಾಯಿಲೆ ಏನ್ ಹೇಳೂದು ಅಂತ ಎಣ್ಣಿಗಾಯ್ಯಾಗ ಹೇಳತಿದ್ದೆ.”

ಬನಶಂಕರಿಯ ಹರಕೆಯ ರಹಸ್ಯ ಹೀಗೆ ಬಯಲಾಯಿತು. ಬಸ್ಸು ಹೊರಟಿತು. ಘಟಪ್ರಭೆಯ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ಕಸ್ತೂರಿಯ ದನಿ ಸಣ್ಣದಾಗಿತ್ತು.

“ಹಂಗಾದ್ರ ಒಂಬತ್ತು ವರ್ಷದಿಂದ ನನ್ನ ಮಾರೀನೂ ಕಂಡಿಲ್ಲೇನು?”

“ಕಾಣ್ತೈತಿ” ಎಂದೆ. ಇದು ಸುಳ್ಳಲ್ಲ. “ಚೊಳಚಗುಡ್ಡದಾಗ ಬನಶಂಕರಿ ಹೊಂಡದ ಮೆಟ್ಟಲ ಮ್ಯಾಲೆ ನಿನ್ನ ನೋಡಾಕ ಬಂದಿದ್ನೆಲ್ಲ, ಹಂಗ ಕಾಣ್ತೈತಿ. ತುಟಿಗೆ ಕರದಂಟಿನ ಚೂರು ಹತ್ತಿತ್ತು. ನಗು ತಡಕೊಂಡು ನಿಂತಿದ್ದಿ.”

ಅವಳು “ಅದೂ ಬಾಯಿಪಾಠನ” ಎಂದಳು. ಸೆರಗು ಕಣ್ಣಿಗೆ ಹೋಯಿತು, ಆ ಚಲನೆಯಷ್ಟು ನನಗೆ ಕಂಡಿತು. ನನ್ನ ಕನಸು ನಡೆಯುತ್ತಿತ್ತು, ಆದರೆ ಅದರಲ್ಲಿ ನನಗೆ ಇಷ್ಟು ನೋವಾಗಬೇಕೆಂದು ನಾನು ಕಂಡಿರಲಿಲ್ಲ. ಅವಳ ಕೈ ಹುಡುಕಿ ಹಿಡಿದುಕೊಂಡೆ. ಚಿಕ್ಕು ಹಣ್ಣಿನಿಂದ ಅಂಟಂಟಾಗಿತ್ತು.

ಎರಡು ತಿಂಗಳ ಮೇಲೆ ಬೋರ್ಡಿನ ತೀರ್ಪು ಬಂತು: ಶೇಕಡಾ ನಲವತ್ತು, ಕಾಯಂ. ಕಸ್ತೂರಿ ಗಟ್ಟಿಯಾಗಿ ಓದಿ ಹೇಳಿದಳು. ಕಟ್ಟು ಹಾಕಿಸಿ ಮಗ್ಗದ ಮೇಲೆ ತೂಗುಹಾಕಿದಳು. ಜೋಳದ ಮೊರವನ್ನು ಕಾಯಂ ಎತ್ತಿಕೊಂಡು ಹೋದಳು. ಎಲ್ಲ ನಾನು ಕಂಡ ಕನಸಿನಂತೆಯೇ! ನಾನು ಕುರ್ಚಿಗೆ ಒರಗಿದೆ.

ಅಷ್ಟರಲ್ಲಿ ಅವಳು ರಾಟೆ ತಂದು ನನ್ನ ಮುಂದಿಟ್ಟಳು.

“ನಲವತ್ತು ಕಣ್ಣಿಗೆ ಅಂದಾರ, ಕೈಗೆ ಏನೂ ಅಂದಿಲ್ಲ. ಕಂಡಿಕಿ ಸುತ್ತಾಕ ಕಣ್ಣು ಬೇಕಾಗಂಗಿಲ್ಲ. ಸುತ್ರಿ.”

ಹೀಗೆ, ಉಗ್ರಾಣದಲ್ಲಿ ಕಂಬಳಿ ಎಣಿಸಲು ಒಲ್ಲದ ಹವಾಲ್ದಾರ ಯಮನೂರಪ್ಪ ಈಗ ಮನೆಯಲ್ಲಿ ಕೂತು ಮಗ್ಗದ ಲಾಳಿಗೆ ನೂಲು ಸುತ್ತಿಕೊಡುತ್ತಾನೆ. ಬೆಳಗಿನ ಹೊಗಳಿಕೆಯೂ ಬಂದ್. ಅದರ ಬದಲು ಕಸ್ತೂರಿಯ ಖಾಸಗಿ ಬೋರ್ಡು ನಡೆಯುತ್ತದೆ.

ಹೋದ ಶುಕ್ರವಾರ ಅವಳು ಎದುರಿಗೆ ನಿಂತು, “ಯಾವ ಸೀರಿ, ಹೇಳ್ರಿ?” ಎಂದಳು. ನಾನು ಹಿಮ್ಮಡಿ ಜೋಡಿಸಿ, “ಕಾಣಂಗಿಲ್ಲ” ಎಂದೆ. “ಪಾಸ್” ಎಂದಳು. ಆಮೇಲೆ ನನ್ನ ಬೆರಳನ್ನು ಸೀರೆಯ ಅಂಚಿನ ಮೇಲಿಟ್ಟು, ಇದು ನೀಲಿ, ಇದು ಕೆಂಪು ಎಂದು ನಿಧಾನವಾಗಿ ತೋರಿಸಿದಳು. ನೀಲಿ ಸ್ವಲ್ಪ ಒರಟು, ಕೆಂಪು ನುಣುಪು.

ಇಷ್ಟೆಲ್ಲ ಸರಿಹೋದ ಮೇಲೆ ಮಧ್ಯಾಹ್ನ ನೆಮ್ಮದಿಯಿಂದ ಊಟಕ್ಕೆ ಕುಳಿತೆ. ರೊಟ್ಟಿ ಮುರಿದು ಎಣ್ಣಿಗಾಯಿ ಹಚ್ಚಿ ಬಾಯಿಗಿಟ್ಟೆ. ಕಿವಿಯಲ್ಲಿ ಹೊಗೆ ಬಂತು. ಕಾಣದ ಕಣ್ಣಿನಿಂದಲೂ ಧಾರೆ ಇಳಿಯಿತು.

“ಏ ಕಸ್ತೂರಿ! ಖರೆ ಹೇಳೀನೆಲ್ಲ, ಮತ್ತ ಯಾಕಿಷ್ಟು ಖಾರ?”

ಅವಳೂ ಒಂದು ತುತ್ತು ತಿಂದು ನೋಡಿದಳು. ಗಡಬಡಿಸಿ ನೀರಿನ ತಂಬಿಗೆ ನನ್ನ ಕೈಗೆ ಕೊಟ್ಟಳು.

“ಸಿಟ್ಟಿಲ್ರಿ, ದೇವರಾಣಿ ಸಿಟ್ಟಿಲ್ಲ” ಎಂದಳು. “ಎರಡ ವರ್ಷ ಆತಲ್ರಿ, ಶುಕ್ರವಾರ ಅಂದ ಕೂಡಲೆ ನನ್ನ ಕೈಗೂ ಬಾಯಿಪಾಠ ಆಗಿಬಿಟ್ಟೈತಿ.”