ಎಡಗೋಡೆಯ ಮೂರನೇ ಚಿತ್ರ

ಕೃಷ್ಣಪ್ರಸಾದ ಆ ಚಿತ್ರಪ್ರದರ್ಶನವನ್ನು ನೋಡದೆಯೇ ವಿಮರ್ಶೆ ಬರೆದಿದ್ದ. ಅದರಲ್ಲಿ ಹೊಸದೇನೂ ಇರಲಿಲ್ಲ, ಹಿಂದಿನ ಪ್ರದರ್ಶನಗಳಿಗೂ ಹಾಗೆಯೇ ಬರೆದಿದ್ದ. ಶುಕ್ರವಾರ ಸಂಜೆ ಆಫೀಸು ಬಿಟ್ಟು, ಚೆನ್ನೈಯ ಸೆಕೆಯಲ್ಲಿ ಬಸ್ಸಿಗೆ ನೇತಾಡಿಕೊಂಡು ಬೆಸೆಂಟ್ ನಗರದವರೆಗೆ ಹೋಗಿ, ಅರ್ಥವಾಗದ ಚಿತ್ರಗಳ ಮುಂದೆ ನಿಂತು ಬರುವುದಕ್ಕಿಂತ, ಅಣ್ಣಾ ನಗರದ ಮನೆಯಲ್ಲಿ ಫ್ಯಾನಿನ ಕೆಳಗೆ ಕುಳಿತರೆ ಅವು ಬೇಗ ಅರ್ಥವಾಗುತ್ತವೆ ಎಂದು ಅವನು ಅನುಭವದಿಂದ ಕಂಡುಕೊಂಡಿದ್ದ.

ಅವನ ಕೆಲಸ ವಿಮೆ ಕಂಪನಿಯ ಕ್ಲೇಮು ವಿಭಾಗದಲ್ಲಿ. ನಜ್ಜುಗುಜ್ಜಾದ ಕಾರನ್ನು ನಾಲ್ಕೂ ದಿಕ್ಕಿನಿಂದ ನೋಡದೆ ಒಂದು ಕ್ಲೇಮನ್ನೂ ಪಾಸು ಮಾಡಿದವನಲ್ಲ. ಕಲೆಗೆ ಅಷ್ಟೊಂದು ಕಟ್ಟುನಿಟ್ಟು ಬೇಕಿಲ್ಲ ಎಂಬುದು ಅವನ ಅಭಿಪ್ರಾಯ. ಬೆಂಗಳೂರಿನ ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ಚೆನ್ನೈಯಿಂದ ಕಲಾವಿಮರ್ಶೆ ಕಳಿಸುತ್ತಿದ್ದ. ಅದಕ್ಕೊಂದು ಕ್ರಮವಿತ್ತು. ಮೊದಲ ಪ್ಯಾರಾದಲ್ಲಿ ‘ಅವಕಾಶ’ (ಖಾಲಿ ಜಾಗಕ್ಕೆ ವಿಮರ್ಶಕರ ಮಾತು), ಎರಡನೆಯದರಲ್ಲಿ ‘ದೇಹ’, ಮೂರನೆಯದರಲ್ಲಿ ‘ವಸಾಹತುಶಾಹಿ ನೋಟ’. ಚಿತ್ರ ಬರೆದವರು ಹೆಂಗಸಾದರೆ ನಾಲ್ಕನೆಯದರಲ್ಲಿ ಸ್ತ್ರೀವಾದ, ಗಂಡಸಾದರೆ ಅದೇ ಜಾಗದಲ್ಲಿ ಸ್ತ್ರೀವಾದದ ಕೊರತೆ. ಕೊನೆಗೆ, ವಿಮರ್ಶಕ ಯಾರ ಮುಲಾಜಿಗೂ ಬಿದ್ದವನಲ್ಲ ಎಂದು ಗೊತ್ತಾಗಲು ಒಂದು ಸಣ್ಣ ಆಕ್ಷೇಪ. ಈ ಸಲದ ಆಕ್ಷೇಪ ಅವನಿಗೇ ಬಹಳ ಹಿಡಿಸಿತ್ತು: ‘ಎಡಗೋಡೆಯ ಮೂರನೇ ಚಿತ್ರದಲ್ಲಿ ನೀಲಿ ಕೊಂಚ ಅಳುಕುತ್ತದೆ.’

ಈ ಬರಹ ನಾಲ್ಕು ಜನರಿಗೆ ಮೆಚ್ಚುಗೆಯಾದರೆ ಪ್ರತಿವಾರ ಅಂಕಣ ಕೊಡುವುದಾಗಿ ಸಂಪಾದಕರು ಹೇಳಿದ್ದರು. ಅಂಕಣಕಾರನಾದ ಮೇಲೆ ಆಫೀಸಿನವರೊಡನೆ ಎಷ್ಟು ಮಾತಾಡಬೇಕು, ಎಷ್ಟು ಮಾತಾಡಬಾರದು ಎಂಬುದನ್ನೂ ಕೃಷ್ಣಪ್ರಸಾದ ಆಗಲೇ ತೀರ್ಮಾನಿಸಿದ್ದ.

ಭಾನುವಾರ ಬೆಳಿಗ್ಗೆ ಕಾಫಿ ಲೋಟ ತುಟಿಗೆ ತಾಗುವ ಮೊದಲೇ ಎದುರು ಫ್ಲಾಟಿನ ಐತಪ್ಪ ಪತ್ರಿಕೆ ಹಿಡಿದು ಬಂದರು. ಮಂಗಳೂರು ಕಡೆಯವರು, ಅಣ್ಣಾ ನಗರದಲ್ಲಿ ಅವರದು ದೊಡ್ಡ ವೆಜಿಟೇರಿಯನ್ ಹೋಟೆಲು.

“ಪ್ರಸಾದ್ರೆ, ನಿಮ್ಮ ಲೇಖನ ಎರಡೆರಡು ಸಲ ಓದಿದೆ ಮಾರಾಯ್ರೆ. ಎಂತದೂ ಅರ್ಥ ಆಗ್ಲಿಲ್ಲ. ಅಷ್ಟು ಒಳ್ಳೇದುಂಟು.”

ಕೃಷ್ಣಪ್ರಸಾದ ವಿನಯದಿಂದ ನಕ್ಕ.

“ನಮ್ಮ ಎಸಿ ಹಾಲಿಗೆ ಒಂದು ಚಿತ್ರ ಬೇಕಿತ್ತು. ಆ ಮೂರನೇದು ಉಂಟಲ್ಲ, ನೀಲಿ ಅಳುಕುವಂಥದ್ದು, ಅದು ನನಗೆ. ಊಟಕ್ಕೆ ಕೂತವರ ಎದುರು ತುಂಬ ಧೈರ್ಯದ ಚಿತ್ರ ಬೇಡ. ಹೊರಡಿ, ಈಗ್ಲೇ ಹೋಗಿ ತರುವ.”

ಅಷ್ಟರಲ್ಲಿ ಮೇಲಿನ ಮನೆಯ ಅಂಬುಜಾ ಇಳಿದು ಬಂದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕನ್ನಡ ಸಂಘದ ಕಾರ್ಯದರ್ಶಿಯಾಗಿ, ಸಂಘದ ವಾಟ್ಸಾಪ್ ಗ್ರೂಪನ್ನು ಹಗಲಿರುಳು ಎಚ್ಚರವಾಗಿಡುವುದು ಅವರ ಉದ್ಯೋಗ. “ನಾನೂ ಬರ್ತೀನಿ ಪ್ರಸಾದ್. ಗ್ರೂಪಿಗೆ ಫೋಟೋ ಹಾಕ್ಬೇಕು. ನಮ್ಮೋರು ಬರೆದದ್ದನ್ನ ನಾವೇ ಹೋಗಿ ನೋಡ್ದಿದ್ರೆ ಎಪ್ಪಡಿ?”

ಗ್ಯಾಲರಿ ಇರುವ ಜಾಗ ಅವನಿಗೂ ಗೊತ್ತಿರಲಿಲ್ಲ. ವಿಳಾಸ ಹುಡುಕಲು ಮೊಬೈಲು ತೆರೆದಾಗ, ತಿಂಗಳಿಂದ ಬಾಯಿ ಮುಚ್ಚಿಸಿಟ್ಟಿದ್ದ ಗ್ಯಾಲರಿಯ ಗ್ರೂಪಿನಲ್ಲಿ ಗುರುವಾರದ ಸಂದೇಶವೊಂದು ಕಂಡಿತು. ಚಿತ್ರಗಳನ್ನು ಬೆಂಗಳೂರಿನಿಂದ ತರುತ್ತಿದ್ದ ಲಾರಿ ದಾರಿಯಲ್ಲಿ ಮಳೆಗೆ ಸಿಕ್ಕಿದ್ದರಿಂದ ಶುಕ್ರವಾರದ ಉದ್ಘಾಟನೆಯನ್ನು ಮುಂದೂಡಲಾಗಿದೆ.

ಕೃಷ್ಣಪ್ರಸಾದ ಮೊಬೈಲನ್ನು ಮೆಲ್ಲನೆ ಕಿಸೆಗೆ ಇಳಿಸಿದ.

“ಇವತ್ತು ಭಾನುವಾರ ಅಲ್ವಾ, ಗ್ಯಾಲರಿಗೆ ರಜೆ,” ಎಂದ.

ಅಂಬುಜಾ ಕನ್ನಡಕ ಸರಿಮಾಡಿಕೊಂಡು ಐತಪ್ಪನವರ ಕೈಯ ಪತ್ರಿಕೆಯಿಂದ ಓದಿದರು. “‘ಪ್ರದರ್ಶನ ಭಾನುವಾರವೂ ತೆರೆದಿರುತ್ತದೆ.’ ನೀವೇ ಬರ್ದಿದ್ದೀರಲ್ಲಪ್ಪ.”

“ನನಗೆ ಯಾಕೋ ಹೊಟ್ಟೆನೋವು.”

ಅಡುಗೆಮನೆಯಿಂದ ಹೆಂಡತಿ ಸರಸ ಓಮದ ಕಷಾಯದೊಂದಿಗೆ ಹೊರಬಂದಳು. “ನಿನ್ನೆ ದೋಸೆ ಮೇಲೆ ದೋಸೆ ಹಾಕಿಸ್ಕೊಳ್ಳುವಾಗ ಇರ್ಲಿಲ್ಲ ನೋವು. ಇದನ್ನು ಕುಡ್ದು ಹೊರಡಿ. ದೊಡ್ಡವರು ಮನೆಗೆ ಬಂದು ಕರೀತಿದ್ದಾರೆ.”

ಇನ್ನು ಟ್ರಾಫಿಕ್ಕೇ ಗತಿ ಎಂದುಕೊಂಡು ಅವನು ಐತಪ್ಪನವರ ಕಾರಿನಲ್ಲಿ ಕುಳಿತ. ವರ್ಷವಿಡೀ ಕೆಂಪಾಗಿರುವ ಸಿಗ್ನಲ್ಲುಗಳು ಅಂದು ಮದುವೆ ಮನೆಯವರಂತೆ ಹಸಿರು ತೋರಿಸಿ ಒಳಗೆ ಕರೆದುಕೊಂಡವು.

ಗ್ಯಾಲರಿಯ ಬಾಗಿಲು ತೆರೆದಿತ್ತು. ಒಳಗೆ ದೀಪವಿತ್ತು, ತಂಪಿತ್ತು, ಚಿತ್ರಗಳು ಮಾತ್ರ ಇರಲಿಲ್ಲ. ಹೊಸದಾಗಿ ಸುಣ್ಣ ಬಳಿದ ಗೋಡೆಗಳು, ಅವುಗಳ ಮೇಲೆ ಸಾಲಾಗಿ ಬರೀ ಮೊಳೆಗಳು.

“ಎಲ್ಲಿ ಪ್ರಸಾದ್, ಚಿತ್ರ?” ಎಂದರು ಅಂಬುಜಾ.

ಸಾಮಾನ್ಯ ಮನುಷ್ಯನಾಗಿದ್ದರೆ ಅಲ್ಲೇ ನಿಜ ಹೇಳಿ ತಪ್ಪಾಯಿತೆನ್ನುತ್ತಿದ್ದ. ಕೃಷ್ಣಪ್ರಸಾದ ವಿಮರ್ಶಕ.

“ಇದೇ,” ಎಂದ. “ಅವಕಾಶ ಅಂತ ಮೊದಲ ಪ್ಯಾರಾದಲ್ಲೇ ಬರೆದಿದ್ದೆ.”

“ಮತ್ತೆ ದೇಹ ಅಂತಿತ್ತಲ್ಲ?”

“ನಾವು ಬಂದು ನಿಂತಿದ್ದೇವಲ್ಲ.”

“ವಸಾಹತುಶಾಹಿ ನೋಟ?”

“ಚಿತ್ರ ಎಲ್ಲಿ ಅಂತ ಕೇಳಿದಿರಲ್ಲ, ಅದು.”

ಅಂಬುಜಾಗೆ ನಾಚಿಕೆಯಾಯಿತು. ಸೆರಗು ಸರಿಪಡಿಸಿಕೊಂಡು, ಸಾಧ್ಯವಾದಷ್ಟು ವಸಾಹತುಶಾಹಿಯಲ್ಲದ ರೀತಿಯಲ್ಲಿ ಗೋಡೆಯನ್ನು ನೋಡತೊಡಗಿದರು. ಐತಪ್ಪ ಎಡಗೋಡೆಯ ಹತ್ತಿರ ಹೋಗಿ ಮೊಳೆ ಎಣಿಸಿ ಮೂರನೆಯದರ ಮುಂದೆ ನಿಂತರು.

“ಇದರಲ್ಲಿ ನೀಲಿ ಎಲ್ಲುಂಟು?”

“ಅಳುಕುತ್ತದೆ ಅಂತ ಬರೆದಿದ್ದೇನಲ್ಲ ಐತಪ್ಪನವರೇ. ಹಿಂದೆ ಸರಿದಿದೆ.”

ಐತಪ್ಪ ಗೋಡೆಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದರು. “ಹೌದು,” ಎಂದರು ಕೊನೆಗೆ. “ಸ್ವಲ್ಪ ಕಾಣ್ತದೆ.”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಬಣ್ಣ ಮೆತ್ತಿದ ಜೀನ್ಸು ತೊಟ್ಟ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಆ ಪ್ರದರ್ಶನದ ಕಲಾವಿದೆ ಅವಳೇ. ಹೆಸರು ಮೌನ, ಸ್ವಭಾವ ಅದಕ್ಕೆ ವಿರುದ್ಧ. ಮೈಸೂರಿನ ಅಪ್ಪ ಅಮ್ಮನಿಗೆ ಚೆನ್ನೈಯಲ್ಲೇ ಹುಟ್ಟಿ ಬೆಳೆದದ್ದರಿಂದ ಅವಳ ಕನ್ನಡ ಅರ್ಧ ದಾರಿಯಲ್ಲಿ ತಮಿಳಿಗೆ ಹತ್ತಿ ಇಂಗ್ಲಿಷಿನಲ್ಲಿ ಇಳಿಯುತ್ತಿತ್ತು. ಅವಳು ಕೃಷ್ಣಪ್ರಸಾದನನ್ನು ಮೂಲೆಗೆ ಕರೆದಳು.

“ಅಂಕಲ್, ನಿಜಮಾ ಸೂಪರ್. ನನ್ನ ಪೇಂಟಿಂಗ್ಸ್ ಎಲ್ಲಾ ಲಾರಿಯಲ್ಲೇ ನೆನೆದು ಹಾಳಾಯ್ತು. ಬೆಳಗ್ಗೆ ಅಮ್ಮ ನಿಮ್ಮ ರಿವ್ಯೂ ಓದಿ ಹೇಳಿದ್ರು. ಇಲ್ಲದ ಷೋಗೆ ಇಷ್ಟು ಒಳ್ಳೆ ರಿವ್ಯೂ ಯಾರಿಗೂ ಬಂದಿರಲ್ಲ.”

“ಅವರಿಬ್ಬರ ಹತ್ತಿರ ಹೇಳಬೇಡಮ್ಮ,” ಎಂದು ಕೃಷ್ಣಪ್ರಸಾದ ಕೈ ಮುಗಿದ.

“ಚೊಲ್ಲ ಮಾಟ್ಟೇನ್ ಅಂಕಲ್, ಹೇಳಲ್ಲ. ಆನಾ, ಆದ್ರೆ ಒಂದು ಕಂಡಿಷನ್. ನನಗೆ ಗೋಡೆ ಇದೆ, ಚಿತ್ರ ಇಲ್ಲ. ಆ ರಿವ್ಯೂ ಕೊಡಿ, ಅದನ್ನೇ ಹಾಕ್ತೀನಿ.”

ಇಡೀ ಗೋಡೆಯ ತುಂಬ ತನ್ನ ಬರಹ. ಯಾವ ವಿಮರ್ಶಕನಿಗೆ ಈ ಭಾಗ್ಯ ಒದಗೀತು? ಸಂತೋಷದಿಂದ ಒಪ್ಪಿದ. ಗೋಡೆಗೆ ಅಕ್ಷರ ಏರುವುದನ್ನೂ ನೋಡಿಯೇ ಹೋಗೋಣ ಎಂದು ನೆರೆಯವರನ್ನು ತಾನೇ ಒತ್ತಾಯ ಮಾಡಿ ನಿಲ್ಲಿಸಿಕೊಂಡ.

ಪ್ರೊಜೆಕ್ಟರಿನಿಂದ ವಿಮರ್ಶೆ ಎಡಗೋಡೆಯ ಮೇಲೆ ಬಿತ್ತು. ಕನ್ನಡ ಓದಲು ಬಾರದ ಮೌನ ಅಕ್ಷರಗಳ ಮೇಲೆ ರಂಗೋಲಿ ತಿದ್ದಿದ ಹಾಗೆ ನೀಲಿ ಬಣ್ಣ ಎಳೆಯುತ್ತ ಹೋದಳು. ಸಂಜೆಗೆ ಹತ್ತಿರದ ಬೀಚಿಗೆ ಬಂದವರೆಲ್ಲ ಒಳಗೆ ಇಣುಕಿದರು, ಕನ್ನಡ ಬಾರದವರೇ ಹೆಚ್ಚು ಹೊತ್ತು ನಿಂತರು. ಅಂಬುಜಾ ಎಲ್ಲ ಕೋನಗಳಿಂದಲೂ ಫೋಟೋ ತೆಗೆದು ಸಂಘದ ಗ್ರೂಪಿಗೂ, ಅಲ್ಲಿಂದ ಪತ್ರಿಕೆಗೂ ಕಳಿಸಿದರು. ಐತಪ್ಪ ಅಂಥದ್ದೇ ಒಂದನ್ನು ಕ್ಯಾನ್ವಾಸಿನ ಮೇಲೆ ತಮ್ಮ ಹೋಟೆಲಿಗೆ ಬರೆದುಕೊಡಲು ಹೇಳಿದರು. “ತಿಂಡಿ ಬರುವಷ್ಟು ಹೊತ್ತು ಗಿರಾಕಿಗಳಿಗೆ ಓದ್ಲಿಕ್ಕೆ ಆಗ್ತದೆ.”

ಕೊನೆಯ ಸಾಲಿನ ಕೆಳಗೆ ಕೃಷ್ಣಪ್ರಸಾದ ತನ್ನ ಹೆಸರಿಗಾಗಿ ಕಾದ. ಅಲ್ಲಿ ಬಿದ್ದದ್ದು ಮೌನಳ ಸಹಿ.

“ನನ್ನ ಹೆಸರು?”

“ವರ್ಕ್ ನಂದು ತಾನೆ ಅಂಕಲ್? ಇದಕ್ಕೆ ಅಪ್ರೋಪ್ರಿಯೇಷನ್ ಅಂತಾರೆ. ನಿಮ್ಗೆ ತಿಳಿದೇ ಇರುತ್ತೆ.”

ತಿಳಿದಿತ್ತು. ಇನ್ನೊಬ್ಬರದನ್ನು ಎತ್ತಿಕೊಂಡು ತನ್ನದೆನ್ನುವ ಆ ಪದ್ಧತಿಯನ್ನು ದಿಟ್ಟ ನಡೆ ಎಂದು ಅವನೇ ಹಿಂದೊಮ್ಮೆ ಹೊಗಳಿ ಬರೆದಿದ್ದ. ಅಷ್ಟರಲ್ಲಿ ಸಂಪಾದಕರ ಫೋನು ಬಂತು.

“ಪ್ರಸಾದ್, ನಿಮ್ಮ ಸಂಘದವರು ಕಳಿಸಿದ ಫೋಟೋ ನೋಡಿದೆ. ಗೋಡೆ ಮೇಲಿರೋದೂ ನೀವು ಕಳಿಸಿದ್ದೂ ಅಕ್ಷರ ಅಕ್ಷರ ಒಂದೇ. ಅಲ್ರೀ, ವಿಮರ್ಶೆ ಬರೀರಿ ಅಂದ್ರೆ ಕಲಾಕೃತಿನೇ ಇಳಿಸ್ಕೊಂಡು ಬಂದಿದ್ದೀರಲ್ಲ.”

“ಸರ್, ಅದು ನಾನು ಬರೆದದ್ದು. ಈ ಹುಡುಗಿ ಇವತ್ತು ಅದನ್ನ...”

“ಇವತ್ತಾ? ಪ್ರದರ್ಶನ ಶುಕ್ರವಾರ ಶುರುವಾಯ್ತು ಅಂತ ನೀವೇ ಬರೆದಿದ್ದೀರಿ. ಹಾಗಾದ್ರೆ ನೀವು ಶುಕ್ರವಾರ ಹೋದಾಗ ಗೋಡೆ ಮೇಲೆ ಏನಿತ್ತು?”

ಕೃಷ್ಣಪ್ರಸಾದ ಲೆಕ್ಕ ಹಾಕಿದ. ಒಂದು ಕಡೆ ಸುಳ್ಳ ಅನ್ನಿಸಿಕೊಳ್ಳಬೇಕು, ಇನ್ನೊಂದು ಕಡೆ ಕಳ್ಳ. ಕಳ್ಳನಾದರೂ ಕದಿಯುವ ಜಾಗಕ್ಕೆ ಖುದ್ದಾಗಿ ಹೋಗಿರುತ್ತಾನೆ.

“ಇದೇ ಇತ್ತು ಸರ್,” ಎಂದ. “ನೋಡಿಕೊಂಡೇ ಬರೆದೆ.”

“ಹೋಗ್ಲಿ ಬಿಡಿ. ನೀವು ಹೋಗಿ ಆದ್ರೂ ನೋಡಿದ್ದೀರಿ, ಈಗಿನ ವಿಮರ್ಶಕರು ಅಷ್ಟೂ ಮಾಡಲ್ಲ. ಆದ್ರೆ ಅಂಕಣ ನಿಮಗೆ ಕೊಡೋಕಾಗಲ್ಲ. ಆ ಹುಡುಗಿ ನಂಬರ್ ಇದ್ಯಾ? ಎಂಥ ಗದ್ಯ ರೀ ಅದು. ಅಂಕಣ ಅವಳಿಗೇ ಕೊಡೋಣ ಅಂತಿದ್ದೀನಿ.”

ಕೃಷ್ಣಪ್ರಸಾದ ನಂಬರು ಕೊಟ್ಟು ಕುರ್ಚಿಯೊಂದನ್ನು ಹುಡುಕಿ ಕುಳಿತ. ಸ್ವಲ್ಪ ಹೊತ್ತಿಗೆಲ್ಲ ಮೌನ ಓಡಿಬಂದಳು.

“ಅಂಕಲ್, ನಿಮ್ಮ ಎಡಿಟರ್ ಕಾಲ್ ಮಾಡಿದ್ರು. ಪ್ರತಿವಾರ ಕಾಲಂ ಅಂತೆ. ನಾನು ಓಕೆ ಅಂದ್ಬಿಟ್ಟೆ. ಆನಾ ನನಗೆ ಕನ್ನಡ ಬರೆಯೋಕೇ ಬರಲ್ಲ, ನೀವು ಬರೆದುಕೊಡಿ ಅಂಕಲ್. ಕೊಡ್ತೀರ ಅಲ್ವಾ?”

ಹೀಗೆನ್ನುತ್ತ ಅವಳು ಅಂಬುಜಾ, ಐತಪ್ಪ ನಿಂತಿದ್ದ ಕಡೆಗೆ ಸುಮ್ಮನೆ ಒಮ್ಮೆ ತಿರುಗಿ ನೋಡಿದಳು. ಅಷ್ಟು ಸಾಕಾಯಿತು.

“ಆಯ್ತಮ್ಮ,” ಎಂದ ಕೃಷ್ಣಪ್ರಸಾದ. ಬರೆಯುವ ಕ್ರಮ ಹೇಗೂ ಸಿದ್ಧವಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. “ಇವತ್ತೇ ಮನೆಯಲ್ಲಿ ಕೂತು ಮೊದಲನೇದು ಬರೆದುಬಿಡ್ತೇನೆ.”

“ಮನೆಯಲ್ಲಾ? ಅದೆಲ್ಲ ಬೇಡ ಅಂಕಲ್. ನನ್ನ ಹೆಸರಲ್ಲಿ ಬರೋದು, ಹೋಗಿ ನೋಡಿಯೇ ಬರೀಬೇಕು. ನಾಳೆ ರಾಯಪುರಂನಲ್ಲಿ ಒಂದು ಓಪನ್ ಆಗ್ತಿದೆ, ಹಾರ್ಬರ್ ಹತ್ತಿರದ ಮೀನಿನ ಗೋಡೌನ್‌ನಲ್ಲಿ. ಪೂರಾ ವಿಡಿಯೋ ಆರ್ಟ್. ಮುಗಿಯೋಕೆ ನಾಲ್ಕು ಗಂಟೆ ಹೊತ್ತು ಬೇಕಂತೆ, ಮಧ್ಯೆ ಎದ್ದು ಹೋಗಬೇಡಿ.”