ಆರು ಬಾಯಿಯ ಕಾರ್ಡ್ ರೀಡರ್

ಮನೆಯಲ್ಲಿ ಒಂದು ವಿಷಯದಲ್ಲಾದರೂ ಗಂಡಸಿನ ಮಾತು ನಡೆಯಬೇಕೋ ಬೇಡವೋ? ನನ್ನ ಪಾಲಿಗೆ ಅಂಥದ್ದು ಕಂಪ್ಯೂಟರ್ ಒಂದೇ. (ಅದು ತೀರಾ ಹಳೆಯದಾದ್ದರಿಂದ ಬೇರೆ ಯಾರಿಗೂ ಬೇಕಿರಲಿಲ್ಲ ಎನ್ನುವುದು ಬೇರೆ ಮಾತು.)

ನಮ್ಮ ಅತ್ತೆಯವರು ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ದುಡಿದು, ಹೆಡ್ ನರ್ಸ್ ಆಗಿ ನಿವೃತ್ತರಾದರು. ಬೀಳ್ಕೊಡುಗೆಯ ಫೋಟೋ ತೆಗೆಯುವ ಮಹತ್ಕಾರ್ಯ ನನ್ನ ಹೆಗಲೇರಿತು. ನನ್ನ ಕ್ಯಾಮೆರಾದ ಪರದೆ ಒಡೆದು ವರ್ಷವಾಗಿತ್ತು. ಕಿಂಡಿಯಲ್ಲಿ ಕಣ್ಣಿಟ್ಟು, ಬಟನ್ ಒತ್ತಿ ಒತ್ತಿ ಬಂದೆ. ಮನೆಗೆ ಬಂದರೆ ಕಂಪ್ಯೂಟರಿಗೆ ಚುಚ್ಚುವ ವೈರ್ ನಾಪತ್ತೆ!

"ಕ್ಯಾಮೆರಾದ ಕಾರ್ಡನ್ನ ಬೀದಿ ತುದಿಯ ಸ್ಟುಡಿಯೋಗೆ ಕೊಡಿ. ಐದು ನಿಮಿಷದಲ್ಲಿ ಪ್ರಿಂಟ್ ಹಾಕಿಕೊಡ್ತಾರೆ," ಎಂದಳು ನನ್ನವಳು.

"ನಿಮ್ಮಮ್ಮನ ಜೀವಮಾನದ ಸೇವೆ ಕಣೇ ಇದರಲ್ಲಿರೋದು! ಕಂಡಕಂಡವರ ಕೈಗೆ ಕೊಡೋಕಾಗುತ್ತಾ? ಕಾರ್ಡನ್ನ ನೇರ ಕಂಪ್ಯೂಟರಿಗೆ ಓದಿಸೋ ಒಂದು ಕಾರ್ಡ್ ರೀಡರ್ ತಂದ್ರಾಯ್ತು. ಆದ್ರೆ ಆರಿಸಿ ತರಬೇಕು."

ಆರಿಸಿದೆ. ಹನ್ನೊಂದು ದಿನ ಆರಿಸಿದೆ. ಇಂಟರ್‌ನೆಟ್ಟಿನಲ್ಲಿ ಮುನ್ನೂರು ಜನರ ಅಭಿಪ್ರಾಯ ಓದಿ ನೋಟ್‌ಬುಕ್ಕಿನ ತುಂಬ ಟಿಪ್ಪಣಿ ಬರೆದೆ. ಮದುವೆಗೆ ಮುಂಚೆಯೂ ಇಷ್ಟು ವಿಚಾರಿಸಿರಲಿಲ್ಲ. (ಈ ಮಾತನ್ನು ಬಾಯಿಬಿಟ್ಟು ಆಡಿದ್ದರಿಂದ ಆ ಸಂಜೆ ಕಾಫಿ ಬರಲಿಲ್ಲ.)

"ಅಮ್ಮ ದಿನಾ ಫೋನ್ ಮಾಡ್ತಿದ್ದಾರೆ ರೀ. ಬೆರಳುದ್ದದ ಸಾಮಾನಿಗೆ ಎಷ್ಟು ದಿನ?"

"ಅದರ ವೇಗ ಎಷ್ಟು ಗೊತ್ತಾ ನಿನಗೆ?"

"ನಿಮ್ಮ ವೇಗ ಗೊತ್ತಾಗ್ತಿದೆಯಲ್ಲ."

ಮದುವೆಯಾದಂದಿನಿಂದ ನಾನು ಮಾಡಿದ ತಪ್ಪುಗಳನ್ನು ತಾರೀಖಿನ ಸಮೇತ ಒಪ್ಪಿಸಿದಳು. ಕೆಲವರ ಮೆಮೊರಿಗೆ ರೀಡರೇ ಬೇಡ, ತಾನಾಗಿ ಓದಿಕೊಳ್ಳುತ್ತದೆ.

ಕೊನೆಗೆ ಅಂಗಡಿಗೆ ಹೋದೆ. "ಒಂದೇ ಕಾರ್ಡಾದ್ರೆ ಈ ಚಿಕ್ಕದು ಸಾಕು ಸಾರ್," ಎಂದ ಅಂಗಡಿಯವನು. ಅವನ ಅಜ್ಞಾನಕ್ಕೆ ಕನಿಕರದಿಂದ ನಕ್ಕು, ಆರು ಬಾಯಿಯ ರೀಡರನ್ನೇ ಕೊಂಡೆ. ಸೋಪಿನ ಡಬ್ಬಿಯಷ್ಟು ದಪ್ಪ; ಲೋಕದ ಸಕಲ ಜಾತಿಯ ಕಾರ್ಡುಗಳನ್ನೂ ಓದಬಲ್ಲ ಮಹಾವಿದ್ವಾಂಸ. ನನ್ನ ಬಳಿ ಇದ್ದುದು ಒಂದೇ ಜಾತಿಯ ಒಂದೇ ಕಾರ್ಡು.

ಭಾನುವಾರ ಅತ್ತೆಯವರು ಬಂದು ಮುಂದಿನ ಕುರ್ಚಿಯಲ್ಲಿ ಕುಳಿತರು. ಹಿಂದೆ ನಾದಿನಿ, ಅವಳ ಗಂಡ ಅಂದರೆ ನನ್ನ ಷಡ್ಡಕ. ರೀಡರಿನ ದೇಹ ಪಕ್ಕದ ತೂತನ್ನೂ ಆಕ್ರಮಿಸಿದ್ದರಿಂದ ಮೌಸನ್ನು ಕಿತ್ತು ಬದಿಗಿಟ್ಟೆ. ಕೀಬೋರ್ಡಿನಲ್ಲೇ ತಡಕಾಡಿ, ಮೊದಲ ಫೋಟೋ ತೆರೆದೆ.

ಪರದೆಯ ಮೇಲೆ ನನ್ನ ಎರಡು ಬೂಟುಗಳು ನಡೆದುಹೋದವು.

"ಇದೇನ್ರೀ?" ಎಂದಳು ಹೆಂಡತಿ.

ಆಗ ಹೊಳೆಯಿತು. ಕ್ಯಾಮೆರಾ ವೀಡಿಯೋಗೆ ತಿರುಗಿತ್ತು! ನಾನು ಫೋಟೋ ಎಂದು ಬಟನ್ ಒತ್ತಿದಾಗ ವೀಡಿಯೋ ಶುರು. ಕ್ಯಾಮೆರಾ ಕತ್ತಿನಲ್ಲಿ ತೂಗಾಡುತ್ತ ನೆಲ ನೋಡಿದೆ. ಮುಂದಿನ ಫೋಟೋಗೆ ಒತ್ತಿದಾಗ ಬಂದ್. ಅಂದರೆ, ಚಿತ್ರವೆಲ್ಲ ಕುರ್ಚಿ ಕಾಲು. ಧ್ವನಿ ಮಾತ್ರ ಅಪ್ಪಟ. ದೂರದಲ್ಲಿ ಅತ್ತೆಯವರ ಭಾಷಣ, ಹತ್ತಿರದಲ್ಲಿ ನನ್ನ ಸ್ವರ:

"ಇವರು ರಿಟೈರ್ ಆಗ್ತಿರೋದು ಕೆಲಸದಿಂದ ಕಣಯ್ಯ, ಮಾತಿನಿಂದ ಅಲ್ಲ. ಆ ಆಸ್ಪತ್ರೇಲಿ ಅರಿವಳಿಕೆ ಔಷಧಿ ಯಾಕೆ ತರಿಸ್ತಿದ್ರೋ! ಇವರನ್ನ ಎರಡು ನಿಮಿಷ ಮಾತಾಡಿಸಿದ್ರೆ ಸಾಕಿತ್ತಲ್ಲ?"

ಅದರ ಬೆನ್ನಿಗೇ, ವೀಡಿಯೋದೊಳಗೆ, ಷಡ್ಡಕನ ಕಿಸಕ್ಕನೆಯ ನಗೆ. ತಿರುಗಿ ನೋಡಿದರೆ, ನನ್ನನ್ನು ಈ ಜನ್ಮದಲ್ಲಿ ಕಂಡೇ ಇಲ್ಲವೆಂಬಂತೆ ಆಸಾಮಿ ಫ್ಯಾನ್ ನೋಡುತ್ತಿದ್ದ.

ನಿಲ್ಲಿಸಲು ಮೌಸ್ ಇಲ್ಲ. ಗಾಬರಿಯಲ್ಲಿ ಯಾವುದೋ ಕೀ ಒತ್ತಿದೆ; ಧ್ವನಿ ದುಪ್ಪಟ್ಟಾಯಿತು. ರೀಡರನ್ನೇ ಕೀಳಲು ಕೈ ಚಾಚಿದೆ. ಅತ್ತೆಯವರು ನಾಡಿ ನೋಡುವವರಂತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಇರಲಿ ಅಳಿಯಂದ್ರೇ. ಒಂದಕ್ಷರವೂ ತಪ್ಪದೆ ಕೇಳಿಸ್ತಿದೆ. ಒಳ್ಳೇದನ್ನೇ ಆರಿಸಿದ್ದೀರಿ."

ಇಡೀ ವೀಡಿಯೋ ಮುಗಿಯುವವರೆಗೂ ಆ ಹಿಡಿತ ಸಡಿಲವಾಗಲಿಲ್ಲ. ಆಮೇಲೆ ಎದ್ದುನಿಂತು, ಸೀರೆಯ ಸೆರಗು ಸರಿಪಡಿಸಿಕೊಂಡರು.

"ಫೋಟೋ ಒಂದೂ ಇಲ್ಲ. ನಿಮ್ಮ ಮಾತಿನ ಮಧ್ಯೆ ಆವತ್ತಿನ ನನ್ನ ಭಾಷಣವೂ ನಿಮಗೆ ಕೇಳಿಸಿದ ಹಾಗಿಲ್ಲ. ಮಗಳೇ, ನಿನ್ನ ಗಂಡನಿಗೊಂದು ಸ್ಟೂಲ್ ಕೊಟ್ಟು, ಬಾಗಿಲು ಹಾಕು."

ಷಡ್ಡಕ ಮೆಲ್ಲಗೆ ಏಳಹೋದ. "ನೀವೂ ಕೂತ್ಕೊಳ್ಳಿ," ಎಂದರು ಅತ್ತೆಯವರು.

ಮಧ್ಯಾಹ್ನ ಎರಡಾಯಿತು. ಹೆಂಡತಿ, ನಾದಿನಿ ಊಟ ಮುಗಿಸಿ ಕೈತೊಳೆದರು. ಅತ್ತೆಯವರ ಭಾಷಣ ಇನ್ನೂ ಅವರು ಕೆಲಸಕ್ಕೆ ಸೇರಿದ ಮೊದಲನೇ ವಾರದಲ್ಲೇ ಇತ್ತು.